ಮಲಗಿದ ಗಣಕ ಏಳದಿದ್ದಾಗ...

ಪ್ರಾಜೆಕ್ಟ್ ವರದಿ ಒಪ್ಪಿಸುವ ದಿನ ಹತ್ತಿರವಾದಂತೆ ಮನೆಯ ಕಂಪ್ಯೂಟರಿಗೆ ಬಿಡುವೇ ಇರುವುದಿಲ್ಲ. ವರದಿ ಒಂದು ಕಿಟಕಿಯಲ್ಲಿ, ಅದಕ್ಕೆ ಬೇಕಾದ ಲೆಕ್ಕದ ಹಾಳೆ ಇನ್ನೊಂದರಲ್ಲಿ, ಪ್ರೋಗ್ರಾಮು ಮತ್ತೊಂದರಲ್ಲಿ. ಜೊತೆಗೆ ಬ್ರೌಸರಿನಲ್ಲಿ ತೆರೆದಿಟ್ಟ ಇಪ್ಪತ್ತು ಮೂವತ್ತು ಪುಟಗಳು. ಎಲ್ಲವನ್ನೂ ಹರಡಿಕೊಂಡು ಕುಳಿತ ಹೊತ್ತಿಗೇ ಕರೆಂಟು ಕೈಕೊಡುತ್ತದೆ. ಯುಪಿಎಸ್ ಕೀಂಯ್‌ಗುಟ್ಟಲು ಶುರುಮಾಡುತ್ತದೆ. ಮನೆಬಳಕೆಯ ಪುಟ್ಟ ಯುಪಿಎಸ್ ಹತ್ತು ಹದಿನೈದು ನಿಮಿಷ ತಡೆದರೆ ಹೆಚ್ಚು. ಅಷ್ಟರಲ್ಲಿ ಒಂದೊಂದನ್ನೇ ಉಳಿಸಿ ಮುಚ್ಚಬೇಕು. ಕರೆಂಟು ಬಂದ ಮೇಲೆ ಮತ್ತೆ ಒಂದೊಂದನ್ನೇ ಹುಡುಕಿ ತೆರೆಯಬೇಕು.

ಈ ತಾಪತ್ರಯಕ್ಕೆಂದೇ ಗಣಕದಲ್ಲಿ ಒಂದು ಸೌಲಭ್ಯವಿದೆ. ಅದರ ಹೆಸರು ಹೈಬರ್ನೇಷನ್, ಅಂದರೆ ದೀರ್ಘನಿದ್ರೆ. ಚಳಿನಾಡಿನ ಕೆಲವು ಪ್ರಾಣಿಗಳು ಮೈಯಲ್ಲಿ ಕೊಬ್ಬು ತುಂಬಿಕೊಂಡು ಚಳಿಗಾಲವಿಡೀ ಬಿಲದಲ್ಲಿ ಮಲಗುತ್ತವಲ್ಲ, ಅದೇ ಹೆಸರು. ಒಂದೇ ವ್ಯತ್ಯಾಸವೆಂದರೆ, ಮಲಗಿದ ಪ್ರಾಣಿ ಸಣ್ಣಗೆ ಉಸಿರಾಡುತ್ತಲೇ ಇರುತ್ತದೆ. ದೀರ್ಘನಿದ್ರೆಗೆ ಹೋದ ಗಣಕಕ್ಕೆ ಉಸಿರೂ ಬೇಡ. ಗೋಡೆಯ ಸ್ವಿಚ್ಚನ್ನೇ ಆರಿಸಿ ವಾರ ಬಿಟ್ಟು ಬಂದರೂ ಬಿಟ್ಟ ಕೆಲಸ ಬಿಟ್ಟಲ್ಲೇ ಇರುತ್ತದೆ.

ಇರಬೇಕು ಎನ್ನುವುದು ಸರಿ. ಆದರೆ ಲಿನಕ್ಸ್ ಬಳಸುವ ಬಹಳಷ್ಟು ಮನೆಗಳಲ್ಲಿ ಹಾಗಾಗುವುದಿಲ್ಲ. ಮಲಗು ಎಂದರೆ ಗಣಕ ಮಲಗುವುದಿಲ್ಲ, ಮಲಗಿದರೆ ಏಳುವುದಿಲ್ಲ, ಎದ್ದರೂ ಹಿಂದಿನದೇನೂ ನೆನಪಿಲ್ಲದಂತೆ ಮುಖ ನೋಡುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಗಣಕಗಳಿಗೆ ಉಳಿದಿರುವ ಸುಲಭ ದಾರಿಗಳಲ್ಲಿ ಲಿನಕ್ಸೂ ಒಂದು. ಹೀಗಾಗಿ ಈ ತೊಂದರೆ ಇನ್ನಷ್ಟು ಮನೆಗಳ ಬಾಗಿಲು ತಟ್ಟಲಿದೆ. ರಿಪೇರಿ ಅಂಗಡಿಗೆ ಹೊತ್ತೊಯ್ದರೆ ‘ಫಾರ್ಮ್ಯಾಟ್ ಮಾಡಿಬಿಡೋಣ’ ಎನ್ನುವ ಉತ್ತರ ಸಿಗುವುದುಂಟು. ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸುವುದು. ಬಹಳಷ್ಟು ಸಂದರ್ಭಗಳಲ್ಲಿ ಅದರ ಅಗತ್ಯವೇ ಇಲ್ಲ. ತೊಂದರೆ ಎಲ್ಲಿದೆ ಎಂದು ಪತ್ತೆ ಹಚ್ಚಲು ಬೇಕಾದದ್ದು ತಾಳ್ಮೆ ಮತ್ತು ಒಂದು ರಜಾದಿನ.

ಕೋಳಿನಿದ್ದೆ, ದೀರ್ಘನಿದ್ರೆ

ಗಣಕದ ವಿಶ್ರಾಂತಿಯಲ್ಲಿ ಮೂರು ಬಗೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವ ಶಟ್‌ಡೌನ್. ಎರಡನೆಯದು ಸಸ್ಪೆಂಡ್. ಇದು ಕೋಳಿನಿದ್ದೆ. ಪರದೆ, ಡಿಸ್ಕು, ಪ್ರೊಸೆಸರು ಎಲ್ಲ ಮಲಗುತ್ತವೆ. ರ್‍ಯಾಮ್ ಎಂಬ ತಾತ್ಕಾಲಿಕ ಸ್ಮೃತಿಗೆ ಮಾತ್ರ ಸಣ್ಣಗೆ ವಿದ್ಯುತ್ ಹರಿಯುತ್ತಿರುತ್ತದೆ. ಕೀಲಿ ಒತ್ತಿದೊಡನೆ ಎಚ್ಚರ. ಆದರೆ ಕರೆಂಟು ಹೋದರೆ ರ್‍ಯಾಮಿನಲ್ಲಿದ್ದದ್ದೆಲ್ಲ ಮಾಯ. ಬ್ಯಾಟರಿ ಇರುವ ಲ್ಯಾಪ್‌ಟಾಪಿಗೆ ಇದು ಸಾಕು, ಮೇಜಿನ ಮೇಲಿನ ಗಣಕಕ್ಕೆ ಸಾಲದು.

ಮೂರನೆಯದೇ ದೀರ್ಘನಿದ್ರೆ. ಇದರಲ್ಲಿ ರ್‍ಯಾಮಿನಲ್ಲಿರುವುದನ್ನು ಡಿಸ್ಕಿಗೆ ಬರೆದಿಟ್ಟು ಗಣಕ ಪೂರ್ತಿ ಆರುತ್ತದೆ. ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಕಂಪನಿಗಳು 1996ರಲ್ಲಿ ಹೊರತಂದ ಎಸಿಪಿಐ ಎಂಬ ನಿಯಮಾವಳಿಯಲ್ಲಿ ಕೋಳಿನಿದ್ದೆಗೆ ಎಸ್3 ಎಂದೂ ದೀರ್ಘನಿದ್ರೆಗೆ ಎಸ್4 ಎಂದೂ ಹೆಸರು. ಲಿನಕ್ಸ್ ಹುಟ್ಟಿದ್ದು 1991ರಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಕೈಯಲ್ಲಿ. ಅದಕ್ಕೆ ಮಲಗುವುದನ್ನು ಕಲಿಸಲು ಮಾತ್ರ ವರ್ಷಗಳೇ ಹಿಡಿದವು. ಪಾವೆಲ್ ಮಾಚೆಕ್ ಮತ್ತಿತರರ ಶ್ರಮದಿಂದ ಈ ಸೌಲಭ್ಯ 2003ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 2.6ರಲ್ಲಿ ಸೇರಿತು. ಆದರೂ ಎಲ್ಲ ಯಂತ್ರಗಳಲ್ಲೂ ಇದು ಸರಿಯಾಗಿ ನಡೆಯುವ ಭರವಸೆ ಇಲ್ಲದ್ದರಿಂದ ಜನಪ್ರಿಯ ಉಬುಂಟು 2012ರ ತನ್ನ 12.04 ಆವೃತ್ತಿಯಿಂದ ಇದನ್ನು ಮೆನುವಿನಿಂದ ತೆಗೆದಿಟ್ಟಿತು. ಮೆನುವಿನಲ್ಲಿ ಕಾಣದು ಎಂದರೆ ಗಣಕದಲ್ಲಿ ಇಲ್ಲ ಎಂದಲ್ಲ.

ಒಳಗೆ ನಡೆಯುವುದೇನು?

ದೋಷ ಹುಡುಕುವ ಮೊದಲು ನಿದ್ದೆಯ ಕ್ರಮ ತಿಳಿದಿರಬೇಕು. ಮಲಗಲು ಆದೇಶ ಬಂದೊಡನೆ ಲಿನಕ್ಸಿನ ತಿರುಳಾದ ಕರ್ನಲ್ ನಡೆಯುತ್ತಿರುವ ಎಲ್ಲ ತಂತ್ರಾಂಶಗಳನ್ನೂ ಇದ್ದಲ್ಲೇ ಸ್ತಬ್ಧಗೊಳಿಸುತ್ತದೆ. ಮಕ್ಕಳ ‘ಸ್ಟ್ಯಾಚೂ’ ಆಟದ ಹಾಗೆ. ಬಳಿಕ ಯಂತ್ರದ ಭಾಗಗಳನ್ನು ಕ್ಷಣಕಾಲ ನಿಲ್ಲಿಸಿ ಸ್ಮೃತಿಯ ಒಂದು ಚಿತ್ರ ತೆಗೆದುಕೊಳ್ಳುತ್ತದೆ. ಈ ಚಿತ್ರವನ್ನು ಮೊದಲು ಇಡುವುದು ರ್‍ಯಾಮಿನಲ್ಲೇ ಖಾಲಿ ಇರುವ ಜಾಗದಲ್ಲಿ. ಅನಂತರ ಡಿಸ್ಕನ್ನು ಮತ್ತೆ ಎಬ್ಬಿಸಿ, ಚಿತ್ರವನ್ನು ಒತ್ತಿ ಚಿಕ್ಕದು ಮಾಡಿ, ಸ್ವಾಪ್ ಎಂಬ ಮೀಸಲು ಜಾಗಕ್ಕೆ ಬರೆಯುತ್ತದೆ. ‘ಇಲ್ಲಿ ನಿದ್ದೆಯ ಚಿತ್ರ ಇದೆ’ ಎಂದು ತಿಳಿಸುವ ಗುರುತೊಂದನ್ನು ಸ್ವಾಪಿನ ತಲೆಯಲ್ಲಿ ಹಾಕಿ ವಿದ್ಯುತ್ ಆರಿಸುತ್ತದೆ. ಓದುತ್ತಿದ್ದ ಪುಸ್ತಕದಲ್ಲಿ ನವಿಲುಗರಿ ಇಟ್ಟು ಮುಚ್ಚಿದಂತೆ.

ಗುಂಡಿ ಒತ್ತಿ ಎಬ್ಬಿಸಿದಾಗ ಗಣಕ ಎಂದಿನಂತೆಯೇ ಮೊದಲಿನಿಂದ ಶುರುವಾಗುತ್ತದೆ. ಹೊಸದಾಗಿ ಬಂದ ಕರ್ನಲ್ ಡಿಸ್ಕಿನ ಕಡತಗಳಿಗೆ ಕೈಹಾಕುವ ಮುಂಚೆ ಸ್ವಾಪಿನಲ್ಲಿ ನವಿಲುಗರಿ ಇದೆಯೇ ಎಂದು ನೋಡುತ್ತದೆ. ಇದ್ದರೆ ಚಿತ್ರವನ್ನು ರ್‍ಯಾಮಿಗೆ ತುಂಬಿ, ಹಳೆಯ ಕರ್ನಲ್‌ಗೆ ಜಾಗ ಬಿಟ್ಟುಕೊಟ್ಟು ತಾನು ಮರೆಯಾಗುತ್ತದೆ. ಸ್ತಬ್ಧವಾಗಿದ್ದ ತಂತ್ರಾಂಶಗಳು ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತವೆ.

ಈ ಸರಪಳಿಯ ಯಾವ ಕೊಂಡಿ ಕಳಚಿದರೂ ನಿದ್ದೆ ಕೆಡುತ್ತದೆ. ಯಾವುದು ಕಳಚಿದೆ ಎಂಬುದನ್ನು ಲಕ್ಷಣವೇ ಹೇಳುತ್ತದೆ. ಮುಖ್ಯವಾದವು ನಾಲ್ಕು.

ಇನ್ನು ಮುಂದೆ ಬರುವ ಆದೇಶಗಳನ್ನು ಟರ್ಮಿನಲ್ ಕಿಟಕಿಯಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪು ಮಾಡಬೇಕು. ವ್ಯವಸ್ಥೆಯನ್ನು ಬದಲಿಸುವ ಆದೇಶಗಳ ಹಿಂದೆ ‘ಸುಡೊ’ ಸೇರಿಸಿ ಪಾಸ್‌ವರ್ಡ್ ಕೊಡಬೇಕು. ಪ್ರಯೋಗಕ್ಕೆ ಮುನ್ನ ಎಲ್ಲ ಕೆಲಸ ಉಳಿಸಿ, ಮುಖ್ಯ ಕಡತಗಳ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ಹಾಕಿ, ಪೆನ್‌ಡ್ರೈವನ್ನು ಕಳಚಿಟ್ಟಿರಬೇಕು.

ಲಕ್ಷಣ ಒಂದು: ಮಲಗಲು ಒಲ್ಲೆ

‘ಸಿಸ್ಟಮ್‌ಸಿಟಿಎಲ್ ಹೈಬರ್ನೇಟ್’ ಎಂಬ ಆದೇಶ ಕೊಟ್ಟು ನೋಡಿ. ಗಣಕ ಮಲಗದೆ ಏನಾದರೂ ಸಂದೇಶ ತೋರಿಸಿದರೆ ಅದನ್ನು ಹಾಗೇ ಬರೆದಿಟ್ಟುಕೊಳ್ಳಿ. ಸ್ವಾಪ್ ಜಾಗ ಸಾಲದು ಎಂಬ ಅರ್ಥದ ಸಂದೇಶವೇ ಬಹಳ ಸಲ ಬರುವುದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಸ್ವಾಪೇ ಗಣಕದ ಹಾಸಿಗೆ. ‘ಫ್ರೀ -ಎಚ್’ ಎಂದು ಟೈಪು ಮಾಡಿದರೆ ರ್‍ಯಾಮ್ ಎಷ್ಟು, ಸ್ವಾಪ್ ಎಷ್ಟು, ಎರಡರಲ್ಲೂ ಖಾಲಿ ಎಷ್ಟು ಎಂಬ ಲೆಕ್ಕ ಬರುತ್ತದೆ. ಒಂದು ಉದಾಹರಣೆ ನೋಡೋಣ. ರ್‍ಯಾಮ್ 8 ಜಿಬಿ. ಸ್ವಾಪ್ 2 ಜಿಬಿ. ಅದರಲ್ಲಿ ಅರ್ಧ ಜಿಬಿ ಆಗಲೇ ಬಳಕೆಯಲ್ಲಿದೆ ಎಂದಿಟ್ಟುಕೊಳ್ಳಿ. ಉಳಿದದ್ದು ಒಂದೂವರೆ. ಬೆಳಿಗ್ಗೆ ಒಂದು ಪತ್ರವಷ್ಟೇ ತೆರೆದಿದ್ದಾಗ ಬಳಕೆಯಲ್ಲಿರುವ ಸ್ಮೃತಿ ಒಂದು ಜಿಬಿ. ಗಣಕ ಸುಮ್ಮನೆ ಮಲಗುತ್ತದೆ. ಸಂಜೆ ಬ್ರೌಸರಿನಲ್ಲಿ ಮೂವತ್ತು ಪುಟ ತೆರೆದಾಗ ಬಳಕೆ ಮೂರು ಜಿಬಿ. ಗಣಕ ಮಲಗಲು ಒಪ್ಪದು. ‘ಒಮ್ಮೊಮ್ಮೆ ಆಗುತ್ತದೆ, ಒಮ್ಮೊಮ್ಮೆ ಇಲ್ಲ’ ಎಂಬ ದೂರಿನ ಹಿಂದೆ ಅನೇಕ ಬಾರಿ ಇರುವುದು ಇಷ್ಟೇ. ಬ್ರೌಸರ್ ಮುಚ್ಚಿ ಮತ್ತೆ ಪ್ರಯತ್ನಿಸಿದಾಗ ಮಲಗಿದರೆ ರೋಗ ಸಿಕ್ಕಿತು ಎಂದೇ ಅರ್ಥ.

ಔಷಧ ಹಾಸಿಗೆಯನ್ನು ದೊಡ್ಡದು ಮಾಡುವುದು. ರ್‍ಯಾಮಿನಷ್ಟೇ ಅಥವಾ ಅದಕ್ಕಿಂತ ತುಸು ಹೆಚ್ಚು ಸ್ವಾಪ್ ಇದ್ದರೆ ಚಿಂತೆಯಿಲ್ಲ. 8 ಜಿಬಿ ರ್‍ಯಾಮಿಗೆ 8ರಿಂದ 10 ಜಿಬಿ. ಸ್ವಾಪ್ ಎಂಬುದು ಡಿಸ್ಕಿನ ಪ್ರತ್ಯೇಕ ವಿಭಾಗವಾಗಿರಬಹುದು ಅಥವಾ ಒಂದು ಕಡತವಾಗಿರಬಹುದು. ಯಾವುದೆಂದು ‘ಸ್ವಾಪ್ಆನ್ --ಶೋ’ ಹೇಳುತ್ತದೆ. ಕಡತವಾಗಿದ್ದರೆ ಹಿಗ್ಗಿಸುವುದು ಸುಲಭ: ಸ್ವಾಪನ್ನು ನಿಲ್ಲಿಸಿ, ಹಳೆಯ ಕಡತ ಅಳಿಸಿ, ಬೇಕಾದ ಗಾತ್ರದ ಹೊಸದನ್ನು ಮಾಡಿ, ಅದನ್ನು ಬೇರೆಯವರು ಓದದಂತೆ ಅನುಮತಿ ಬಿಗಿಗೊಳಿಸಿ, ‘ಎಂಕೆಸ್ವಾಪ್’ನಿಂದ ಸಿದ್ಧಪಡಿಸಿ ಮತ್ತೆ ಚಾಲೂ ಮಾಡಬೇಕು. ವಿಭಾಗವಾಗಿದ್ದರೆ ಡಿಸ್ಕಿನ ವಿಭಾಗಗಳನ್ನೇ ಸರಿಸಬೇಕಾದೀತು. ಆ ಗೋಜಿಗಿಂತ ಹೊಸ ಸ್ವಾಪ್ ಕಡತ ಮಾಡಿಕೊಳ್ಳುವುದು ಮೇಲು.

‘ಸ್ವಾಪ್ಆನ್’ ಪಟ್ಟಿಯಲ್ಲಿ ಝಡ್‌ರ್‍ಯಾಮ್ ಎಂಬ ಹೆಸರು ಮಾತ್ರ ಕಂಡರೆ ಅದನ್ನು ನಂಬಿ ಮಲಗುವಂತಿಲ್ಲ. ಅದು ರ್‍ಯಾಮಿನೊಳಗೇ ಮಾಡಿದ ಸ್ವಾಪ್; ವಿದ್ಯುತ್ ಹೋದರೆ ಅದೂ ಹೋಯಿತು. ಫೆಡೋರಾ 2020ರ ತನ್ನ 33ನೇ ಆವೃತ್ತಿಯಿಂದ ಇದನ್ನೇ ರೂಢಿ ಮಾಡಿದೆ. ಅಲ್ಲಿ ದೀರ್ಘನಿದ್ರೆ ಬೇಕಾದವರು ಡಿಸ್ಕಿನ ಮೇಲೆ ಬೇರೆ ಸ್ವಾಪ್ ಮಾಡಿಕೊಳ್ಳಲೇಬೇಕು.

ಜಾಗ ಸಾಕಷ್ಟಿದ್ದೂ ಒಲ್ಲೆ ಎಂದರೆ ಸೆಕ್ಯೂರ್ ಬೂಟ್ ಕಡೆ ನೋಡಬೇಕು. ಅಪರಿಚಿತ ತಂತ್ರಾಂಶ ಆರಂಭದಲ್ಲೇ ಒಳನುಗ್ಗದಂತೆ ಕಾಯುವ ವ್ಯವಸ್ಥೆ ಇದು. ಇದು ಚಾಲೂ ಇದ್ದಾಗ ಅನೇಕ ಲಿನಕ್ಸ್ ವಿತರಣೆಗಳು ಕರ್ನಲ್‌ಗೆ ‘ಲಾಕ್‌ಡೌನ್’ ಎಂಬ ಬೀಗ ಹಾಕುತ್ತವೆ. ಡಿಸ್ಕಿನಲ್ಲಿರುವ ನಿದ್ದೆಯ ಚಿತ್ರವನ್ನು ಯಾರಾದರೂ ತಿದ್ದಿಟ್ಟರೆ ಎಚ್ಚರವಾಗುವ ಕರ್ನಲ್ ಅಸಲಿಯೇ ಎಂದು ಹೇಳಲಾಗದು. ಆದ್ದರಿಂದ ಬೀಗ ಇರುವಾಗ ದೀರ್ಘನಿದ್ರೆಗೆ ನಿಷೇಧ. ‘ಸುಡೊ ಡಿಮೆಸೇಜ್’ ಎಂದು ಬಾಯಲ್ಲಿ ಹೇಳುವ, ಡಿ-ಎಂ-ಇ-ಎಸ್-ಜಿ ಎಂದು ಟೈಪಿಸುವ ಆದೇಶ ಕೊಟ್ಟರೆ ಈ ನಿಷೇಧದ ಸಾಲು ಕಾಣುತ್ತದೆ. ಗಣಕದ ಆರಂಭದ ಸೆಟ್ಟಿಂಗಿನಲ್ಲಿ ಸೆಕ್ಯೂರ್ ಬೂಟ್ ಆರಿಸಿದರೆ ನಿದ್ದೆ ಬರುತ್ತದೆ, ಕಾವಲು ಸಡಿಲವಾಗುತ್ತದೆ. ಯಾವುದು ಮುಖ್ಯ ಎಂದು ಮನೆಯವರು ಕೂಡಿ ನಿರ್ಧರಿಸಬೇಕು. ಅದೇ ಗಣಕದಲ್ಲಿ ಬಿಟ್‌ಲಾಕರ್ ಹಾಕಿದ ವಿಂಡೋಸೂ ಇದ್ದರೆ ಅದರ ರಿಕವರಿ ಕೀ ಕೈಯಲ್ಲಿಟ್ಟುಕೊಳ್ಳದೆ ಈ ಸೆಟ್ಟಿಂಗ್ ಮುಟ್ಟಬಾರದು.

ಲಕ್ಷಣ ಎರಡು: ಎದ್ದಿತು, ನೆನಪಿಲ್ಲ

ಗಣಕ ಚೆನ್ನಾಗಿ ಮಲಗುತ್ತದೆ. ಗುಂಡಿ ಒತ್ತಿದರೆ ಹೊಸದಾಗಿ ಶುರುವಾಗಿ ಖಾಲಿ ಪರದೆ ತೋರಿಸುತ್ತದೆ. ಹಿಂದಿನ ಕಿಟಕಿಗಳಲ್ಲಿ ಒಂದೂ ಇಲ್ಲ. ಇದರರ್ಥ ಇಷ್ಟೆ: ಚಿತ್ರ ಬರೆದದ್ದು ಸರಿಯಿದೆ, ಅದು ಎಲ್ಲಿದೆ ಎಂದು ಹೊಸ ಕರ್ನಲ್‌ಗೆ ಯಾರೂ ಹೇಳಿಲ್ಲ. ಕಾಗದ ಬರೆದು ವಿಳಾಸ ಬರೆಯದೆ ಡಬ್ಬಿಗೆ ಹಾಕಿದ ಹಾಗೆ.

ಆ ವಿಳಾಸದ ಹೆಸರು ‘ರೆಸ್ಯೂಮ್’. ಡಿಸ್ಕಿನ ಪ್ರತಿ ವಿಭಾಗಕ್ಕೂ ಯುಯುಐಡಿ ಎಂಬ ಉದ್ದನೆಯ ಗುರುತುಸಂಖ್ಯೆ ಇರುತ್ತದೆ. ‘ಸುಡೊ ಬಿಎಲ್‌ಕೆಐಡಿ’ ಎಂದರೆ ಎಲ್ಲ ವಿಭಾಗಗಳ ಸಂಖ್ಯೆಯೂ ಬರುತ್ತದೆ. ಸ್ವಾಪ್ ವಿಭಾಗದ ಸಂಖ್ಯೆಯನ್ನು ಗ್ರಬ್ ಎಂಬ ಆರಂಭದ ತಂತ್ರಾಂಶದ ಸಂರಚನಾ ಕಡತದಲ್ಲಿ, ಕರ್ನಲ್‌ಗೆ ಹೋಗುವ ಸಾಲಿನಲ್ಲಿ, ‘ರೆಸ್ಯೂಮ್=ಯುಯುಐಡಿ=’ ಎಂಬುದರ ಮುಂದೆ ಸೇರಿಸಬೇಕು. ಇಲ್ಲಿ ಯುಯುಐಡಿ ಎಂಬ ನಾಲ್ಕು ಅಕ್ಷರ ಮಾತ್ರ ದೊಡ್ಡಕ್ಷರಗಳಲ್ಲಿರಲಿ. ಬಳಿಕ ‘ಸುಡೊ ಅಪ್‌ಡೇಟ್-ಗ್ರಬ್’ ಎಂದರೆ ಬದಲಾವಣೆ ಜಾರಿಗೆ ಬರುತ್ತದೆ. ಡೆಬಿಯನ್, ಉಬುಂಟು ಹಾಗೂ ಅವುಗಳಿಂದ ಹುಟ್ಟಿದ ವಿತರಣೆಗಳಲ್ಲಿ ‘ರೆಸ್ಯೂಮ್’ ಹೆಸರಿನ ಒಂದು ಪುಟ್ಟ ಕಡತದಲ್ಲೂ ಇದೇ ಸಂಖ್ಯೆ ಇರುತ್ತದೆ. ಅದನ್ನೂ ಸರಿಪಡಿಸಿ ‘ಸುಡೊ ಅಪ್‌ಡೇಟ್-ಇನಿಟ್‌ರ್‍ಯಾಮ್‌ಎಫ್‌ಎಸ್ -ಯು’ ಆದೇಶ ಕೊಡಬೇಕು. ಆರಂಭದ ಕ್ಷಣಗಳಲ್ಲಿ ಕರ್ನಲ್ ಓದುವ ಪುಟ್ಟ ಗಂಟನ್ನು ಇದು ಹೊಸದಾಗಿ ಕಟ್ಟುತ್ತದೆ.

ಸ್ವಾಪ್ ಎಂಬುದು ಕಡತವಾಗಿದ್ದರೆ ವಿಳಾಸಕ್ಕೆ ಎರಡು ಸಾಲು ಬೇಕು. ಬೀದಿಯ ಹೆಸರಿನ ಜೊತೆ ಮನೆ ನಂಬರೂ ಇರಬೇಕಲ್ಲ! ಬೀದಿ ಎಂದರೆ ಆ ಕಡತ ಇರುವ ಡಿಸ್ಕ್ ವಿಭಾಗದ ಯುಯುಐಡಿ. ಮನೆ ನಂಬರು ಎಂದರೆ ಆ ವಿಭಾಗದಲ್ಲಿ ಕಡತ ಆರಂಭವಾಗುವ ಸ್ಥಾನ. ಅದರ ಹೆಸರು ‘ರೆಸ್ಯೂಮ್_ಆಫ್‌ಸೆಟ್’. ಎಕ್ಸ್ಟ್4 ಬಗೆಯ ವಿಭಾಗದಲ್ಲಿ ‘ಸುಡೊ ಫೈಲ್‌ಫ್ರಾಗ್ -ವಿ’ ಎಂಬ ಆದೇಶದ ಮುಂದೆ ಸ್ವಾಪ್ ಕಡತದ ಹೆಸರು ಕೊಟ್ಟರೆ ಒಂದು ಕೋಷ್ಟಕ ಬರುತ್ತದೆ. ಅದರ ಮೊದಲ ಸಾಲಿನಲ್ಲಿ ‘ಫಿಸಿಕಲ್ ಆಫ್‌ಸೆಟ್’ ಕಂಬದ ಮೊದಲ ಸಂಖ್ಯೆಯೇ ಮನೆ ನಂಬರು. ಸ್ವಾಪ್ ಕಡತವನ್ನು ಅಳಿಸಿ ಹೊಸದಾಗಿ ಮಾಡಿದಾಗಲೆಲ್ಲ ಈ ಸಂಖ್ಯೆ ಬದಲಾಗಬಹುದು ಎಂಬುದು ನೆನಪಿರಲಿ. ಹಾಸಿಗೆ ದೊಡ್ಡದು ಮಾಡಿ ವಿಳಾಸ ಬದಲಿಸಲು ಮರೆತವರು ಮೊದಲ ಲಕ್ಷಣ ಕಳೆದುಕೊಂಡು ಎರಡನೆಯದನ್ನು ತಂದುಕೊಳ್ಳುತ್ತಾರೆ.

ಇನ್ನೊಂದು ಸಾಮಾನ್ಯ ಕಾರಣವೂ ಇದೆ. ಕುತೂಹಲದಿಂದ ವಿದ್ಯಾರ್ಥಿಗಳು ಅದೇ ಗಣಕಕ್ಕೆ ಇನ್ನೊಂದು ಲಿನಕ್ಸ್ ಹಾಕಿಕೊಳ್ಳುವುದುಂಟು. ಎರಡನೆಯದು ಬರುವಾಗ ಸ್ವಾಪ್ ವಿಭಾಗವನ್ನು ಹೊಸದಾಗಿ ಸಿದ್ಧಪಡಿಸಿದರೆ ಅದರ ಯುಯುಐಡಿ ಬದಲಾಗುತ್ತದೆ. ಮೊದಲನೆಯದು ಹಳೆಯ ವಿಳಾಸವನ್ನೇ ಹುಡುಕುತ್ತ ಕೂರುತ್ತದೆ. ಗಣಕ ಶುರುವಾಗಲು ದಿಢೀರನೆ ಅರ್ಧ ನಿಮಿಷ ಹೆಚ್ಚು ಹಿಡಿಯತೊಡಗಿದರೆ ಇದನ್ನು ಸಂಶಯಿಸಬಹುದು.

ಲಕ್ಷಣ ಮೂರು: ಆರುವುದಿಲ್ಲ, ಇಲ್ಲವೇ ತಾನೇ ಏಳುತ್ತದೆ

ಪರದೆ ಕಪ್ಪಾಗಿದೆ, ಡಿಸ್ಕಿನ ದೀಪ ಮಿಣುಗುವುದು ನಿಂತಿದೆ, ಫ್ಯಾನ್ ಮಾತ್ರ ತಿರುಗುತ್ತಲೇ ಇದೆ. ಚಿತ್ರ ಬರೆದಾಯಿತು, ಆರುವಾಗ ಎಡವಿದೆ. ಆರುವ ಕೆಲಸವನ್ನು ಕರ್ನಲ್ ಎರಡು ರೀತಿಯಲ್ಲಿ ಮಾಡಬಲ್ಲದು: ಮದರ್‌ಬೋರ್ಡಿನ ತಂತ್ರಾಂಶಕ್ಕೆ ಎಸ್4 ಸ್ಥಿತಿಗೆ ಹೋಗಲು ಹೇಳುವ ‘ಪ್ಲಾಟ್‌ಫಾರ್ಮ್’ ವಿಧಾನ ಮತ್ತು ಸಾಮಾನ್ಯ ಶಟ್‌ಡೌನಿನಂತೆಯೇ ಆರಿಸುವ ‘ಶಟ್‌ಡೌನ್’ ವಿಧಾನ. ಮೊದಲನೆಯದು ಕೆಲವು ಮದರ್‌ಬೋರ್ಡುಗಳಿಗೆ ಒಗ್ಗುವುದಿಲ್ಲ. ಸಿಸ್ಟಮ್‌ಡಿಯ ‘ಸ್ಲೀಪ್.ಕಾನ್ಫ್’ ಕಡತದಲ್ಲಿ ‘ಹೈಬರ್ನೇಟ್‌ಮೋಡ್’ ಎಂಬುದಕ್ಕೆ ‘ಶಟ್‌ಡೌನ್’ ಎಂಬ ಬೆಲೆ ಕೊಟ್ಟರೆ ಎರಡನೆಯ ವಿಧಾನ ಬಳಕೆಯಾಗುತ್ತದೆ.

ಆರಿದೊಡನೆ ತಾನೇ ಎದ್ದರೆ ಮೌಸು, ಕೀಲಿಮಣೆ ಅಥವಾ ನೆಟ್‌ವರ್ಕ್ ಕಾರ್ಡು ಎಬ್ಬಿಸುತ್ತಿರಬಹುದು. ಆರಂಭದ ಸೆಟ್ಟಿಂಗಿನಲ್ಲಿ ‘ವೇಕ್ ಆನ್ ಲ್ಯಾನ್’ ಹಾಗೂ ಯುಎಸ್‌ಬಿಯಿಂದ ಎಬ್ಬಿಸುವ ಆಯ್ಕೆಗಳನ್ನು ಆರಿಸಿ ನೋಡಬೇಕು. ನಡುರಾತ್ರಿ ಕರೆಂಟು ಬಂದಾಗ ಗಣಕ ತಾನಾಗಿಯೇ ಹೊತ್ತಿಕೊಂಡು ಮನೆಮಂದಿಯನ್ನು ಬೆಚ್ಚಿಬೀಳಿಸಿದರೆ ದೆವ್ವದ ಕಾಟವೇನಲ್ಲ. ಕರೆಂಟು ಮರಳಿದಾಗ ಏನು ಮಾಡಬೇಕು ಎಂಬ ಆಯ್ಕೆ ಅದೇ ಸೆಟ್ಟಿಂಗಿನಲ್ಲಿದೆ. ಅದನ್ನು ಆಫ್ ಇರುವಂತೆ ಬದಲಿಸಿದರೆ ಸಾಕು.

ಲಕ್ಷಣ ನಾಲ್ಕು: ಕುಂಭಕರ್ಣ ನಿದ್ದೆ

ಏಳುವಾಗ ಪರದೆ ಕಪ್ಪಾಗಿಯೇ ಉಳಿಯುವುದು ಎಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುವ ಲಕ್ಷಣ. ಮೊದಲು ಮಾಡಬೇಕಾದದ್ದು ಕಾಯುವುದು. ಹಳೆಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಓದಿದರೂ 3 ಜಿಬಿ ಚಿತ್ರ ತುಂಬಲು ಅರ್ಧ ನಿಮಿಷ ಬೇಕು. ಡಿಸ್ಕಿನ ದೀಪ ಮಿಣುಗುತ್ತಿರುವಷ್ಟು ಹೊತ್ತು ಗುಂಡಿಯ ತಂಟೆಗೆ ಹೋಗಬಾರದು.

ದೀಪ ನಿಂತು ಎರಡು ನಿಮಿಷವಾದರೂ ಪರದೆ ಬೆಳಗದಿದ್ದರೆ ಕೀಲಿಮಣೆಯ ಕ್ಯಾಪ್ಸ್‌ಲಾಕ್ ಒತ್ತಿ. ಅದರ ದೀಪ ಹೊತ್ತಿ ಆರುತ್ತಿದ್ದರೆ ಗಣಕ ಎದ್ದಿದೆ, ಕಣ್ಣು ಮಾತ್ರ ಬಿಟ್ಟಿಲ್ಲ. ದೋಷ ಗ್ರಾಫಿಕ್ಸ್ ಕಡೆಯದು. ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಕ್ಷರಗಳ ಸರಳ ಪರದೆ ಬರಬಹುದು. ಎನ್‌ವಿಡಿಯಾ ಕಾರ್ಡ್ ಮತ್ತು ಆ ಕಂಪನಿಯದೇ ಡ್ರೈವರ್ ಇರುವ ಗಣಕಗಳಲ್ಲಿ ಈ ತೊಂದರೆ ಸಾಮಾನ್ಯ. ಕಾರ್ಡಿಗೆ ತನ್ನದೇ ಸ್ಮೃತಿ ಇರುತ್ತದೆ. ಅದನ್ನೂ ಉಳಿಸದಿದ್ದರೆ ಎದ್ದಾಗ ಚಿತ್ರ ಚೂರುಚೂರು. ಅದಕ್ಕೆಂದೇ ಡ್ರೈವರಿನ ಜೊತೆ ‘ಎನ್‌ವಿಡಿಯಾ-ಹೈಬರ್ನೇಟ್’ ಮತ್ತು ‘ಎನ್‌ವಿಡಿಯಾ-ರೆಸ್ಯೂಮ್’ ಎಂಬ ಸೇವೆಗಳು ಬರುತ್ತವೆ. ಅವು ಚಾಲೂ ಇವೆಯೇ ಎಂದು ನೋಡಬೇಕು.

ಕ್ಯಾಪ್ಸ್‌ಲಾಕ್ ದೀಪವೂ ಸತ್ತಿದ್ದರೆ ಗಣಕವನ್ನು ಆರಿಸದೆ ವಿಧಿಯಿಲ್ಲ. ಆಗಲೂ ನೇರವಾಗಿ ವೈರು ಕೀಳಬೇಡಿ. ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಕೀಲಿಗಳನ್ನು ಒತ್ತಿಹಿಡಿದು, ನಡುವೆ ಎರಡೆರಡು ಸೆಕೆಂಡು ಬಿಟ್ಟು ಎಸ್, ಯು, ಬಿ ಎಂಬ ಮೂರು ಕೀಲಿಗಳನ್ನು ಕ್ರಮವಾಗಿ ಒತ್ತಿ ನೋಡಿ. ಕರ್ನಲ್‌ನಲ್ಲಿ ಕಿಂಚಿತ್ ಜೀವ ಉಳಿದಿದ್ದು, ವಿತರಣೆ ಈ ಸೌಲಭ್ಯ ತೆರೆದಿಟ್ಟಿದ್ದರೆ, ಅದು ಬಾಕಿ ಉಳಿದ ಬರವಣಿಗೆಯನ್ನು ಡಿಸ್ಕಿಗೆ ಇಳಿಸಿ, ಕಡತಗಳನ್ನು ಭದ್ರಪಡಿಸಿ ಮತ್ತೆ ಶುರುವಾಗುತ್ತದೆ. ಪ್ರತಿ ಸಲವೂ ಅದೇ ಕೆಟ್ಟ ಚಿತ್ರಕ್ಕೆ ಎಡವಿ ಬೀಳುತ್ತಿದ್ದರೆ ಗ್ರಬ್ ಪಟ್ಟಿಯಲ್ಲಿ ‘ಇ’ ಕೀಲಿ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ‘ನೋರೆಸ್ಯೂಮ್’ ಎಂಬ ಪದ ಸೇರಿಸಿ, ಎಫ್10 ಒತ್ತಬೇಕು. ಉಳಿಸದಿದ್ದ ಕೆಲಸ ಹೋಗುತ್ತದೆ, ಗಣಕ ಮಾತ್ರ ಮಾಮೂಲಾಗಿ ಏಳುತ್ತದೆ. ಆಮೇಲೆ ‘ಜರ್ನಲ್‌ಸಿಟಿಎಲ್ -ಬಿ -1’ ಎಂದರೆ ಹಿಂದಿನ ಸರದಿಯ ದಿನಚರಿ ತೆರೆಯುತ್ತದೆ. ಅದರ ಕೊನೆಯ ಕೆಲವು ಸಾಲುಗಳಲ್ಲಿ ತಪ್ಪಿತಸ್ಥನ ಹೆಸರಿರುವ ಸಂಭವ ಹೆಚ್ಚು.

ಹೆಸರು ಸಿಗದಿದ್ದರೆ ಕರ್ನಲ್ ಒಂದು ತಾಲೀಮು ವ್ಯವಸ್ಥೆ ಇಟ್ಟಿದೆ. ‘ಸಿಸ್’ ಕೋಶದೊಳಗಿನ ‘ಪವರ್’ ಕೋಶದಲ್ಲಿ ‘ಪಿಎಂ_ಟೆಸ್ಟ್’ ಎಂಬ ಕಡತವಿದೆ. ಇದರಲ್ಲಿ ‘ಫ್ರೀಜರ್’ ಎಂದು ಬರೆದು ಮಲಗಲು ಹೇಳಿದರೆ ಗಣಕ ತಂತ್ರಾಂಶಗಳನ್ನಷ್ಟೇ ಸ್ತಬ್ಧಗೊಳಿಸಿ, ಐದು ಸೆಕೆಂಡು ಕಾದು, ಎಬ್ಬಿಸುತ್ತದೆ. ‘ಡಿವೈಸಸ್’ ಎಂದರೆ ಯಂತ್ರದ ಭಾಗಗಳನ್ನೂ ಮಲಗಿಸಿ ಎಬ್ಬಿಸುತ್ತದೆ. ಅದರ ಮೇಲೆ ‘ಪ್ಲಾಟ್‌ಫಾರ್ಮ್’, ‘ಪ್ರೊಸೆಸರ್ಸ್’, ‘ಕೋರ್’ ಎಂಬ ಮೆಟ್ಟಿಲುಗಳಿವೆ. ಯಾವ ಮೆಟ್ಟಿಲಲ್ಲಿ ಮುಗ್ಗರಿಸಿತೋ ದೋಷ ಅಲ್ಲಿದೆ. ‘ಡಿವೈಸಸ್’ನಲ್ಲಿ ಬಿದ್ದರೆ ಹೊರಗಿನಿಂದ ಸಿಕ್ಕಿಸಿದ ವೈ-ಫೈ ಕಡ್ಡಿ, ವೆಬ್‌ಕ್ಯಾಮ್, ಧ್ವನಿ ಉಪಕರಣಗಳನ್ನು ಒಂದೊಂದಾಗಿ ಕಳಚಿ ಪರೀಕ್ಷಿಸಬೇಕು. ವಿಜ್ಞಾನದ ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದೇ ಅಂಶ ಬದಲಿಸುತ್ತಾರಲ್ಲ, ಅದೇ ನಿಯಮ. ಒಟ್ಟಿಗೆ ನಾಲ್ಕು ಬದಲಾವಣೆ ಮಾಡಿದರೆ ಗುಣವಾದದ್ದು ಯಾವುದರಿಂದ ಎಂಬುದೇ ತಿಳಿಯದು. ಪರೀಕ್ಷೆ ಮುಗಿದ ಮೇಲೆ ಆ ಕಡತದಲ್ಲಿ ‘ನನ್’ ಎಂಬ ಇಂಗ್ಲಿಷ್ ಪದ ಬರೆದು ಮೊದಲಿನ ಸ್ಥಿತಿಗೆ ತರಬೇಕು.

ಇಲ್ಲಿ ಎಚ್ಚರ ತಪ್ಪಬಾರದು

ನಿದ್ದೆ ಬಾರದಿರುವುದು ಬರೀ ಕಿರಿಕಿರಿ. ತಪ್ಪು ನಿದ್ದೆಯಿಂದ ಆಗುವುದು ನಷ್ಟ. ಮಲಗಿದ ಗಣಕದ ನೆನಪಿನಲ್ಲಿ ಡಿಸ್ಕು ಯಾವ ಸ್ಥಿತಿಯಲ್ಲಿತ್ತು ಎಂಬುದೂ ಸೇರಿರುತ್ತದೆ. ಅದು ಮಲಗಿದ್ದಾಗ ಬೇರೆಯವರು ಡಿಸ್ಕನ್ನು ಬದಲಿಸಿದರೆ, ಎದ್ದ ಗಣಕ ಹಳೆಯ ನಕ್ಷೆ ಹಿಡಿದು ಹೊಸ ಮನೆಯಲ್ಲಿ ಓಡಾಡುತ್ತದೆ. ಕಡತಗಳು ಒಂದರ ಮೇಲೊಂದು ಬರೆಯಲ್ಪಟ್ಟು ಹಾಳಾಗಬಹುದು.

ಆದ್ದರಿಂದ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ಗಣಕದಲ್ಲಿ ಒಂದನ್ನು ದೀರ್ಘನಿದ್ರೆಗೆ ಕಳಿಸಿ, ಇನ್ನೊಂದನ್ನು ತೆರೆದು, ಇಬ್ಬರೂ ಹಂಚಿಕೊಂಡ ವಿಭಾಗದಲ್ಲಿ ಬರೆಯಬಾರದು. ಅಣ್ಣ ಲಿನಕ್ಸಿನಲ್ಲಿ ಪ್ರೋಗ್ರಾಮು ಬರೆದು ಮಲಗಿಸಿಹೋದ ಗಣಕದಲ್ಲಿ ತಂಗಿ ವಿಂಡೋಸ್ ತೆರೆದು ಪಾಠ ಮಾಡಿಕೊಳ್ಳುವ ಮನೆಗಳಲ್ಲಿ ಈ ಒಪ್ಪಂದ ಮೊದಲೇ ಆಗಿರಲಿ. ವಿಂಡೋಸ್ 8 ಬಂದ 2012ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯವೂ ಇದೆ. ಇದು ಚಾಲೂ ಇದ್ದರೆ ಶಟ್‌ಡೌನ್ ಕೊಟ್ಟಾಗಲೂ ವಿಂಡೋಸ್ ಅರೆನಿದ್ದೆಯಲ್ಲೇ ಇರುತ್ತದೆ. ಎರಡೂ ಇರುವ ಗಣಕದಲ್ಲಿ ಇದನ್ನು ಆರಿಸಿಡುವುದು ಕ್ಷೇಮ. ಪೆನ್‌ಡ್ರೈವುಗಳಿಗೂ ಇದೇ ಮಾತು. ಮಲಗಿಸುವ ಮುನ್ನ ಕ್ರಮಪ್ರಕಾರ ಕಳಚಿಡಿ. ಕರ್ನಲ್ ನವೀಕರಣವಾದ ದಿನ ಒಮ್ಮೆ ರೀಸ್ಟಾರ್ಟ್ ಮಾಡಿ, ಆನಂತರವೇ ಮಲಗಿಸಿ.

ಗುಟ್ಟಿನ ಪ್ರಶ್ನೆಯೂ ಇದೆ. ಮಲಗುವ ಹೊತ್ತಿಗೆ ಸ್ಮೃತಿಯಲ್ಲಿದ್ದ ಪಾಸ್‌ವರ್ಡ್, ಪತ್ರ, ಬ್ಯಾಂಕಿನ ಪುಟ ಎಲ್ಲವೂ ಚಿತ್ರದ ಜೊತೆ ಡಿಸ್ಕಿಗೆ ಇಳಿಯುತ್ತವೆ. ಸ್ವಾಪನ್ನು ಗೂಢಲಿಪಿಯಲ್ಲಿ ಇಟ್ಟಿಲ್ಲದಿದ್ದರೆ ಡಿಸ್ಕು ಕೈಗೆ ಸಿಕ್ಕವರು ಅದನ್ನು ಕೆದಕಬಹುದು. ಬ್ಯಾಂಕಿನ ಪುಟಗಳಿಂದ ಹೊರಬಂದು ಬ್ರೌಸರ್ ಮುಚ್ಚಿ ಮಲಗಿಸುವ ಅಭ್ಯಾಸ ಒಳ್ಳೆಯದು. ಹಳೆಯ ಡಿಸ್ಕನ್ನು ಮಾರುವಾಗ ಇದನ್ನು ಮರೆಯಬಾರದು.

ಪೋಷಕರ ಗಮನಕ್ಕೆ

ದಿನವೂ ಮಲಗಿಸಿದರೆ ಎಸ್‌ಎಸ್‌ಡಿ ಸವೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ದಿನಕ್ಕೊಮ್ಮೆ 3 ಜಿಬಿ ಬರೆದರೆ ವರ್ಷಕ್ಕೆ 1,095 ಜಿಬಿ, ಅಂದರೆ ಸುಮಾರು 1.1 ಟೆರಾಬೈಟ್. ಸಾಮಾನ್ಯ 240 ಜಿಬಿ ಎಸ್‌ಎಸ್‌ಡಿಗಳಿಗೆ ತಯಾರಕರು ಹೇಳುವ ಬಾಳಿಕೆ ಹತ್ತಾರು ಟೆರಾಬೈಟ್‌ಗಳಷ್ಟು ಬರವಣಿಗೆ. ಚಿಂತೆಗೆ ಕಾರಣವಿಲ್ಲ.

ಕರೆಂಟಿನ ಭರವಸೆ ಇಲ್ಲದ ಊರುಗಳಿಗೆ ನಡುದಾರಿಯೊಂದಿದೆ. ‘ಸಿಸ್ಟಮ್‌ಸಿಟಿಎಲ್ ಹೈಬ್ರಿಡ್-ಸ್ಲೀಪ್’ ಎಂದರೆ ಗಣಕ ಚಿತ್ರವನ್ನು ಡಿಸ್ಕಿಗೆ ಬರೆದಿಟ್ಟು ಕೋಳಿನಿದ್ದೆಗೆ ಹೋಗುತ್ತದೆ. ಕರೆಂಟು ಇದ್ದರೆ ಕ್ಷಣದಲ್ಲಿ ಎಚ್ಚರ. ಹೋಗಿದ್ದರೂ ಡಿಸ್ಕಿನ ಚಿತ್ರ ಕಾಯುತ್ತದೆ. ಮೇಲೆ ಹೇಳಿದ ಹಾಸಿಗೆ, ವಿಳಾಸಗಳು ಇದಕ್ಕೂ ಸರಿಯಾಗಿರಬೇಕು ಅಷ್ಟೆ.

ಎಲ್ಲ ಮಾಡಿದರೂ ಕೆಲವು ಮದರ್‌ಬೋರ್ಡುಗಳು ಹಟ ಬಿಡುವುದಿಲ್ಲ. ಅಂಥದ್ದರ ಹಿಂದೆ ವಾರಗಟ್ಟಲೆ ಬೀಳುವುದಕ್ಕಿಂತ, ಮುಚ್ಚಿದ ಪುಟಗಳನ್ನು ಮತ್ತೆ ತೆರೆಯುವಂತೆ ಬ್ರೌಸರಿಗೆ ಹೇಳಿ, ಐದೈದು ನಿಮಿಷಕ್ಕೊಮ್ಮೆ ಬರೆದದ್ದನ್ನು ತಾನೇ ಉಳಿಸುವಂತೆ ಲಿಬ್ರೆ ಆಫೀಸಿಗೆ ಹೇಳಿ, ಮಾಮೂಲು ಶಟ್‌ಡೌನ್ ಬಳಸುವುದು ಜಾಣತನ. ಹೊಸ ಗಣಕ ಕೊಳ್ಳುವ ಮಾತಂತೂ ಬೇಡ.

ಮಗನೋ ಮಗಳೋ ಭಾನುವಾರವಿಡೀ ಕಪ್ಪು ಪರದೆಯ ಮುಂದೆ ಕುಳಿತು ಏನೋ ಟೈಪು ಮಾಡುತ್ತಿದ್ದರೆ ಕಾಲಹರಣವೆಂದು ಗದರಬೇಡಿ. ಲಕ್ಷಣ ನೋಡಿ ಕಾರಣ ಊಹಿಸುವುದು, ಊಹೆಯನ್ನು ಪರೀಕ್ಷಿಸುವುದು, ಮಾಡಿದ್ದನ್ನು ಬರೆದಿಡುವುದು ಪ್ರಯೋಗಶಾಲೆಯ ಪಾಠವೇ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ, ಏನು ಬದಲಿಸಿದೆ, ಏನಾಯಿತು ಎಂದು ಎರಡು ಸಾಲು ಬರೆಯಲು ಹೇಳಿ. ಮೂರು ಸಲ ಮಲಗಿ ಮೂರು ಸಲವೂ ಸರಿಯಾಗಿ ಎದ್ದ ಮೇಲೆಯೇ ನಿಜವಾದ ಕೆಲಸವನ್ನು ಅದರ ವಶಕ್ಕೆ ಒಪ್ಪಿಸಬೇಕು. ಆಗಲೂ ಮಲಗಿಸುವ ಮುನ್ನ ಕಂಟ್ರೋಲ್ ಮತ್ತು ಎಸ್ ಒತ್ತಿ ವರದಿಯನ್ನು ಉಳಿಸುವುದನ್ನು ಬಿಡಬಾರದು.